ಕುಂತವರ ಎಣಿಕೆ

ಬಸ್ ಕಂಡಕ್ಟರನ ಹಾಗೆ ಕೈಯಲ್ಲಿ
ಎಣಿಸುವ ಯಂತ್ರವೊಂದನ್ನು ಹಿಡಿದು
ಭಟ್ಟಿ ಲೇಔಟಿನ ತಿರುವಿನಲ್ಲಿ ನಿಂತಿದ್ದ ತೋರ್ಬೆನ್
ಬೆಳಿಗ್ಗೆ ಏಳರಿಂದ.
ಕುಂತವರೆಷ್ಟು, ನಿಂತವರೆಷ್ಟು, ಸುಮ್ಮನೆ ಹಾದುಹೋದವರೆಷ್ಟು:
ಟಿಕ್, ಟಿಕ್, ಟಿಕ್.
ಅವನಿಗೆ ಛತ್ರಿ ಹಿಡಿಯುವುದು ನನ್ನ ಕೆಲಸವಲ್ಲ,
ಆದರೂ ಹಿಡಿದೆ. ದಾವಣಗೆರೆಯ ಏಪ್ರಿಲ್ಲು,
ಅತಿಥಿಯ ಮೂಗು ಆಗಲೇ ಹಣ್ಣುಮೆಣಸಿನಕಾಯಿ.

ಹಿಂದಿನ ದಿನ ಪ್ರಾಧಿಕಾರದ ಸಭಾಂಗಣದಲ್ಲಿ
ಪರದೆ ಎಳೆದು, ದೀಪ ಆರಿಸಿ
ತನ್ನ ಡೆನ್ಮಾರ್ಕನ್ನು ತೋರಿಸಿದ್ದ.
ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರು.
ಅಲ್ಲಿ ಕಿಟಕಿ ಎಂದರೆ ಬೇಡಿ ಚಾಚಿದ ಅಂಗೈ;
ಬೀದಿಯ ಬೆಂಚುಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ
ಬಿಸಿಲಿಗೆ ಕಾಯುತ್ತವೆ, ಪಡಿತರದ ಸಾಲಿನಂತೆ.
ಒಂದು ಕುರ್ಚಿಯ ತೋಳಿನ ಬಾಗಿಗೇ
ಏಳು ತಿಂಗಳು ಉಜ್ಜಿದ ಬಡಗಿಯೊಬ್ಬನ ಕೈಯ ಚಿತ್ರ.
"ಕಟ್ಟಡ ಎಷ್ಟು ಎತ್ತರ ಇರಬೇಕು?" ಕೇಳಿ ತಾನೇ ಹೇಳಿದ:
"ಎದುರು ಮನೆಯವರ ಬಿಸಿಲು ಕದಿಯದಷ್ಟು."

ಮೂವತ್ತೆರಡು ವರ್ಷ ಟ್ರೇಸರ್ ಆಗಿದ್ದ ತಿಪ್ಪೇರುದ್ರಪ್ಪ
ಹಿಂದಿನ ಸಾಲಿನಿಂದ ಎದ್ದರು:
"ಬಿಸಿಲು ಕದಿಯೋರು ಯಾರಾರ ಇದ್ರೆ
ಈ ಕಡಿ ಕಳಿಸ್ರಿ ಸ್ವಾಮಿ, ಸನ್ಮಾನ ಮಾಡ್ತೀವಿ."
ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಗಲಿಲ್ಲ.
ಬರೆದುಕೊಂಡ.

ಈಗ ಬಿಸಿಲಿಗೆ ಭಟ್ಟಿಗಳ ಹೊಗೆಯೂ ಸೇರಿ
ಬೀದಿ ಬಾಣಲೆಯಾಗಿತ್ತು. ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು
ಗೋಡೆಯಾಚೆಯಿಂದ.
ಯಂತ್ರ ಟಿಕ್ಕೆನ್ನುತ್ತಿದ್ದುದೆಲ್ಲ ಒಂದೇ ಕಡೆಗೆ,
ಖೈರುನ್ನಿಸಾಳ ಭಟ್ಟಿ ಮುಂದಿನ ಕಲ್ಲುಕಟ್ಟೆಯತ್ತ.
ಎಂಟಡಿ ಉದ್ದ, ಇಪ್ಪತ್ತು ಅಂಗುಲ ಎತ್ತರ,
ಮೇಲೆ ಖಾಲಿ ಚೀಲಗಳನ್ನು ಹೊಲಿದು ಕಟ್ಟಿದ ನೆರಳು.
ಹಮಾಲರು, ಶಾಲೆ ತಪ್ಪಿಸಿದ ಒಬ್ಬ ಹುಡುಗ,
ಅವನಿಂದ ಔಷಧಿ ಚೀಟಿ ಓದಿಸಿಕೊಳ್ಳುತ್ತಿದ್ದ ಮುದುಕಿ,
ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನಷ್ಟೇ ಕಟ್ಟೆಗೆ ಕೊಟ್ಟ ಹಾಲಿನವನು.
ಇವನು ಕುಂತವನೋ ನಿಂತವನೋ
ತೋರ್ಬೆನ್ ತುಸು ಹೊತ್ತು ಬೆರಳು ತಡೆದ.

ನೆರಳು ಸರಿದಂತೆ ಜನ ಸರಿದರು,
ಎದ್ದೇಳದೆ, ಮಾತು ಮುರಿಯದೆ,
ಗಂಟೆಗೊಂದು ಗೇಣು ಪೂರ್ವಕ್ಕೆ.

"ಇದರ ವಿನ್ಯಾಸ ಯಾರದು?" ಎಂದ.
ಖೈರುನ್ನಿಸಾ ಮೊರ ಕೊಡವಿ ನನ್ನ ಮುಖ ನೋಡಿದಳು.
"ಯಾರ್ದೂ ಅಲ್ಲಮ್ಮ. ನಮ್ಮತ್ತೀಗೆ ಮಂಡಿ ನೋವು,
ಕೆಳಗ ಕುಂತ್ರ ಏಳಾಕ ಆಗ್ತಿರ್ಲಿಲ್ಲ.
ಹತ್ತಿ ಮಿಲ್ಲು ಒಡದಾಗ ಒಂದು ಚಪ್ಪಡಿ ಸಿಕ್ತು.
ಅವರು ಕುಂತು ಏಳೋಷ್ಟು ಎತ್ರಕ್ಕ ಇಟ್ವಿ."

ಇದನ್ನೂ ಬರೆದುಕೊಂಡ. ಪಕ್ಕದಲ್ಲಿ ಪೆನ್ಸಿಲಿನ ಚಿತ್ರ.
ಆಮೇಲೆ ನನ್ನ ಕಂಕುಳಲ್ಲಿದ್ದ ಹಾಳೆ ಕೇಳಿದ.
ಬಿಚ್ಚಿದೆ. ಡ್ರೈನು, ದೀಪದ ಕಂಬ, ಒಂಬತ್ತು ಮೀಟರ್ ರಸ್ತೆ.
ಕಟ್ಟೆ ಇರುವಲ್ಲಿ ಬರೀ ಬಿಳಿ,
ಬಿಳಿಯ ಮೇಲೆ ಕೆಂಪು ಗೀಟು, ಅದರ ಪಕ್ಕ
ನನ್ನದೇ ದುಂಡಗಿನ ಅಕ್ಷರ:
ಒತ್ತುವರಿ. ತೆರವು.

ಅವನಿಗೆ ಕನ್ನಡ ಬಾರದು.
"ಇದೇನು?" ಎಂದು ಬೆರಳಿಟ್ಟ.
ಏಳು ವರ್ಷ ಓದಿದ್ದೇನೆ, ನಾಲ್ಕು ವರ್ಷ ಗೀಟೆಳೆದಿದ್ದೇನೆ,
ಒಂದರ ಮೇಲೂ ಯಾರೂ
ಹೀಗೆ ಬೆರಳಿಟ್ಟು ಕೇಳಿರಲಿಲ್ಲ.
ಹಾಳೆ ಸೋಮವಾರ ಕಮಿಷನರ ಮೇಜಿಗೆ ಹೋಗಬೇಕು.

ಹೇಳಲಿಲ್ಲ. ಛತ್ರಿ ಮಡಚಿ ಕೂತೆ.
ಕಲ್ಲು ತಂಪಾಗಿತ್ತು, ನನಗೆ ಚೂರು ಎತ್ತರ,
ಹಿಮ್ಮಡಿ ನೆಲ ಮುಟ್ಟಲಿಲ್ಲ.
ಯಾರದೋ ಮಂಡಿಯ ಅಳತೆ.
ಹಳೇ ಪೇಪರಿನಲ್ಲಿ ಬಿಸಿ ಮಂಡಕ್ಕಿ ಕೊಟ್ಟು
"ಆ ಕಡಿ ಸರೀರಿ, ನೆರಳು ಹೋತು" ಅಂದಳು ಖೈರುನ್ನಿಸಾ.

ಸರಿದೆ.
ಟಿಕ್.